ಕೊಳಚೆಯೊಳಗಿನ ಕಣಜ
ನಮ್ಮ ಬಚ್ಚಲಿನಿಂದ ಹರಿದ ರಂಜಕ ಕೆರೆಯನ್ನು ಸೇರಿದರೆ ಅಂತರಗಂಗೆಗೆ ಹಬ್ಬ, ಮೀನಿಗೆ ಮರಣ. ಅದನ್ನು ತಡೆಯಬಲ್ಲ ಸೂಕ್ಷ್ಮಜೀವಿಗಳು ಕೊಳಚೆಯಲ್ಲಿಯೇ ಇವೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಅವು ತಾವು ಕೂಡಿಟ್ಟ ರಂಜಕವನ್ನು ವೆಚ್ಚಮಾಡಿ ಆಹಾರವನ್ನು ಗಳಿಸುತ್ತವೆ. ಗಾಳಿಯಾಡುವ ತೊಟ್ಟಿಗೆ ಬಂದೊಡನೆ ಆ ಆಹಾರವನ್ನುರಿಸಿ, ಬಿಟ್ಟುದಕ್ಕಿಂತ ಹೆಚ್ಚು ರಂಜಕವನ್ನು ಒಡಲಲ್ಲಿ ತುಂಬಿಕೊಳ್ಳುತ್ತವೆ. ತಳಕ್ಕಿಳಿದ ಕೆಸರನ್ನು ತೆಗೆದರೆ ರಂಜಕವೂ ಹೋಯಿತು.

ಗಾಳಿಯೂದಿದ ಕೆಸರು ರಂಜಕವನ್ನು ಬೇಗನೆ ಹೀರುವುದನ್ನು 1959ರಲ್ಲಿಯೇ ವರದಿ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಶ್ರೀನಾಥ್, ಶಾಸ್ತ್ರಿ ಮತ್ತು ಪಿಳ್ಳೈ. 1970ರ ದಶಕದಲ್ಲಿ ದಕ್ಷಿಣ ಆಫ್ರಿಕದ ಜೇಮ್ಸ್ ಬರ್ನಾರ್ಡ್ ಇಂತಹ ಶುದ್ಧೀಕರಣಕ್ಕೆ ಕ್ರಮಬದ್ಧ ವಿಧಾನವೊಂದನ್ನು ರೂಪಿಸಿದರು. 2015ರಲ್ಲಿ, ಕೊಳಚೆ ತುಂಬಿದ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. ಅರಿವು ಕಂಡ ಊರಿನಲ್ಲಿಯೇ ಕೆರೆ ಉರಿದುದು ಸೂಕ್ಷ್ಮಜೀವಿಗಳ ತಪ್ಪಲ್ಲ.