ಘಟ್ಟದ ಮೇಲಿಂದ ಕಂಡ ನೌಕಾಪಡೆಗಳು



ನೌಕಾಯುದ್ಧದ ಬಗ್ಗೆ ವಿಚಾರ ಸಂಕಿರಣವನ್ನು ಮಲೆನಾಡಿನಲ್ಲಿ ಏಕೆ ಮಾಡುತ್ತೀರಿ, ಮಂಗಳೂರಿನಲ್ಲೋ ಕಾರವಾರದಲ್ಲೋ ಮಾಡಬಾರದೇ ಎಂದು ಕೆಲವರು ಸಂಘಟಕರನ್ನು ಕೇಳಿದ್ದಾರೆ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ಹಾದು, ಸಾಗರದ ಸೀಮೆಯಲ್ಲಿ ಹರಿದು, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಮೇಲೆ ಹೊನ್ನಾವರದ ಅಳಿವೆಯಲ್ಲಿ ಅದು ಕಡಲು ಸೇರುತ್ತದೆ. ಆ ಅಳಿವೆಯ ಬಾಯಲ್ಲಿ ಪೋರ್ಚುಗೀಸರ ಕೋಟೆಯಿತ್ತು. ಮುಂದೆ ಹೈದರಾಲಿಯ ಹಡಗುಗಳು ಅಲ್ಲಿ ಲಂಗರು ಹಾಕಿದವು. ನಮ್ಮ ಮೂರೂ ತಾಲ್ಲೂಕುಗಳನ್ನು ಹಾದುಹೋಗುವ ನೀರು ಯುದ್ಧನೌಕೆಗಳ ನಡುವೆ ಸಮುದ್ರಕ್ಕೆ ಬಿದ್ದ ಕಾಲವೊಂದಿತ್ತು. ಆ ಕಾಲದ ಇತಿಹಾಸವನ್ನು ನಾವು ಕಡಲಿಗೆ ಬೆನ್ನು ಹಾಕಿಕೊಂಡೇ ಬರೆದಿದ್ದೇವೆ ಎಂಬುದು ನನ್ನ ಕೊರಗು. ಈ ಎರಡು ದಿನ ನಾವು ಮುಖ ತಿರುಗಿಸಿ ಕೂರಬೇಕು ಎಂಬುದು ನನ್ನ ಆಶಯ.

ನೌಕಾಯುದ್ಧವೆಂದರೆ ಮೊದಲು ನೆನಪಿಗೆ ಬರುವುದು ಪೆಸಿಫಿಕ್ ಸಾಗರ. 1942ರ ಜೂನ್ 4ರಂದು ಮಿಡ್‌ವೇ ದ್ವೀಪದ ಬಳಿ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು, ಅಕಾಗಿ, ಕಾಗಾ, ಸೋರ್ಯು, ಹಿರ್ಯು, ಅಮೆರಿಕದ ಎಂಟರ್‌ಪ್ರೈಸ್, ಹಾರ್ನೆಟ್, ಯಾರ್ಕ್‌ಟೌನ್‌ಗಳಿಗೆ ಎದುರಾದವು. ಜಪಾನ್ ನಾಲ್ಕನ್ನೂ ಕಳೆದುಕೊಂಡಿತು, ಅಮೆರಿಕ ಯಾರ್ಕ್‌ಟೌನನ್ನು ಕಳೆದುಕೊಂಡಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇತಿಹಾಸಕಾರರಿಗೆ ಮಿಡ್‌ವೇ ಇನ್ನೊಂದು ಕಾರಣಕ್ಕೆ ಮುಖ್ಯ. ಜಪಾನಿನ ಹಡಗುಗಳ ಮೇಲಟ್ಟದಲ್ಲಿ ವಿಮಾನಗಳು ಸಾಲಾಗಿ ಹಾರಲು ಸಜ್ಜಾಗಿದ್ದವು, ಇನ್ನೈದು ನಿಮಿಷ ಸಿಕ್ಕಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎಂಬ ಮಾತು ದಶಕಗಳ ಕಾಲ ಇಂಗ್ಲಿಷ್ ಪುಸ್ತಕಗಳಲ್ಲಿ ಓಡಾಡಿತು. ಅದರ ಮೂಲ ಜಪಾನಿನ ಅಧಿಕಾರಿ ಫುಚಿದಾ ಮಿತ್ಸುಒ ಬರೆದದ್ದು. 2005ರಲ್ಲಿ ಜೊನಾಥನ್ ಪಾರ್ಶಲ್ ಮತ್ತು ಆಂಥೊನಿ ಟಲ್ಲಿ ಜಪಾನಿ ನೌಕೆಗಳದೇ ದಿನಚರಿ ದಾಖಲೆಗಳನ್ನು ಬಿಡಿಸಿಟ್ಟು, ದಾಳಿಯ ವಿಮಾನಗಳು ಆ ಹೊತ್ತಿಗೆ ಬಹುಪಾಲು ಕೆಳಗಿನ ಅಂಕಣದಲ್ಲೇ ಇದ್ದವು ಎಂದು ತೋರಿಸಿದರು. ಜಪಾನಿನ ವಿದ್ವಾಂಸರಿಗೆ ಇದು ಮೊದಲೇ ಗೊತ್ತಿದ್ದ ಸಂಗತಿ. ಒಂದು ಪಕ್ಷದ ಕಾಗದಗಳನ್ನು ಇನ್ನೊಂದು ಪಕ್ಷದವರು ಓದಲು ಅರವತ್ತು ವರ್ಷ ಹಿಡಿಯಿತು, ಅಷ್ಟೆ.

ನಮ್ಮ ಕಡಲ ಕಥೆಯ ಸ್ಥಿತಿ ಇದಕ್ಕಿಂತ ಹಿಂದಿದೆ. ಇಕ್ಕೇರಿ–ಬಿದನೂರಿನ ಕೆಳದಿ ಅರಸರಿಗೂ ಪೋರ್ಚುಗೀಸರಿಗೂ ನಡೆದ ಸುಮಾರು ಒಂದೂವರೆ ಶತಮಾನದ ಜಗಳದಲ್ಲಿ ಹಡಗು ಎಣಿಸಿದವರು ಪೋರ್ಚುಗೀಸರು, ಒಪ್ಪಂದದ ಪ್ರತಿ ಕಾಪಿಟ್ಟವರು ಪೋರ್ಚುಗೀಸರು. ಲಿಂಗಣ್ಣ ಕವಿಯ ‘ಕೆಳದಿ ನೃಪವಿಜಯಂ’ ನಮಗಿರುವ ದೊಡ್ಡ ಆಸ್ತಿ, ನಿಜ. ಆದರೆ ಅದು ಅರಸರ ಚರಿತ್ರೆ. ವಂಶ, ಕೋಟೆ, ದಾನಧರ್ಮ, ದಂಡಯಾತ್ರೆ ಅದರ ಜೀವಾಳ. ಬಂದರಿನಲ್ಲಿ ನಿಂತ ಹಡಗಿನ ಹುಟ್ಟುಗಳನ್ನು ಎಣಿಸುವುದು ಚಂಪೂಕವಿಯ ಕೆಲಸವಲ್ಲ. ಆ ಎಣಿಕೆ ನಮ್ಮ ಪಾಲಿಗೆ ಬಂದಿದೆ.

ಹಾಗಾದರೆ ಎದುರಾಳಿಗಳು ಯಾರು, ಯಾವ ಬಲದಿಂದ ನಿಂತಿದ್ದರು?

ಪೋರ್ಚುಗೀಸರು 1568–69ರ ಹೊತ್ತಿಗೆ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ನೆಲೆಯೂರಿದರು. ಅವರ ಕೆನರಾ ನೌಕಾದಳದ ಮುಖ್ಯ ಕೆಲಸ ಮಳೆಗಾಲ ಮುಗಿದ ಮೇಲೆ ಅಕ್ಕಿ ತುಂಬಿದ ದೋಣಿಗಳ ಸಾಲನ್ನು ಕಾವಲಿನಲ್ಲಿ ಗೋವೆಗೆ ಮುಟ್ಟಿಸುವುದು. ತೋಪುಗಳಿಂದ ಸಜ್ಜಾದ ಹಗುರ ಹುಟ್ಟು ಹಡಗುಗಳು ಇದಕ್ಕೆ ಸಾಕಾಗುತ್ತಿದ್ದವು. ಅವರಿಗೆ ಇನ್ನೊಂದು ಆಯುಧವೂ ಇತ್ತು: ಕಾರ್ತಾಜ್ ಎಂಬ ಪರವಾನಗಿ ಚೀಟಿ. ಅದು ಕೈಯಲ್ಲಿಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು. ಕಡಲ ದಾರಿಯನ್ನೇ ತಮ್ಮ ಸ್ವತ್ತು ಮಾಡಿಕೊಂಡು ಅದರ ಮೇಲೆ ಸುಂಕ ಎತ್ತುವ ವ್ಯವಸ್ಥೆ ಅದು.

ಎದುರು ನಿಂತ ಕೆಳದಿ ಅರಸರಿಗೆ ಅಂಥ ನೌಕಾಪಡೆ ಇರಲಿಲ್ಲ. ಹಲವು ಇತಿಹಾಸ ಗ್ರಂಥಗಳು ಇದನ್ನು ಅವರ ದೊಡ್ಡ ಕೊರತೆ ಎಂದು ಬರೆದು ಮುಂದೆ ಸಾಗುತ್ತವೆ. ನಾನು ಇದನ್ನು ಒಪ್ಪುವುದಿಲ್ಲ. ಅವರ ಬಲ ಬೇರೆ ಕಡೆ ಇತ್ತು. ಗೋವೆ ತಿನ್ನುವ ಅಕ್ಕಿ ಅವರ ಸೀಮೆಯದು. ಮಸ್ಕತ್ತಿಗೂ ಕೆಂಪು ಸಮುದ್ರದ ಬಂದರುಗಳಿಗೂ ಹೋಗುತ್ತಿದ್ದ ಅಕ್ಕಿ ಅವರದು. ಯುರೋಪಿನ ಹಡಗುಗಳು ಹುಡುಕಿಕೊಂಡು ಬಂದ ಕಾಳುಮೆಣಸು ನಮ್ಮ ಈ ಘಟ್ಟದ ಮೇಲಿನ ಮತ್ತು ಘಟ್ಟದ ಬುಡದ ತೋಟಗಳದು. ಕರಾವಳಿಯ ಹಳೆಯ ಮನೆಗಳಲ್ಲಿ ಅಕ್ಕಿ ಮುಡಿ ನೋಡಿದವರು ಇಲ್ಲಿದ್ದೀರಿ. ಒಣಹುಲ್ಲನ್ನು ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗವನ್ನು ಸುತ್ತ ಬಿಗಿಯುತ್ತ ಬಡಿಯುತ್ತ ಗುಂಡಗೆ ಕಟ್ಟುತ್ತಾರೆ. ತೇವ ಹಿಡಿಯದೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಕ್ಕಿ ಹೊತ್ತ ದೋಣಿಗಳು ಅಳಿವೆ ದಾಟದಂತೆ ಬಿದನೂರು ತಡೆದರೆ ಗೋವೆಯ ಅಡುಗೆಮನೆಗೂ ನೌಕಾಪಡೆಯ ಉಗ್ರಾಣಕ್ಕೂ ಒಟ್ಟಿಗೇ ಬಿಸಿ ಮುಟ್ಟುತ್ತಿತ್ತು. ಶಿವಪ್ಪ ನಾಯಕನ ಶಿಸ್ತನ್ನು ನಾವು ಭೂಕಂದಾಯದ ಸುಧಾರಣೆಯೆಂದು ಮಾತ್ರ ಪಾಠ ಮಾಡುತ್ತೇವೆ. ಯಾವ ಗದ್ದೆ ಎಷ್ಟು ಬೆಳೆಯುತ್ತದೆಂದು ಅಳೆದು ತಿಳಿದ ಅರಸನಿಗೆ ಎಷ್ಟು ಅಕ್ಕಿಯನ್ನು ಬಂದರಿಗೆ ಬಿಡಬಹುದು, ಎಷ್ಟನ್ನು ತಡೆಯಬಹುದು ಎಂಬುದೂ ತಿಳಿಯುತ್ತದೆ. ಶಿಸ್ತಿನ ಲೆಕ್ಕವನ್ನು ಬಂದರಿನ ಲೆಕ್ಕದ ಪಕ್ಕದಲ್ಲಿಟ್ಟು ಓದುವ ಒಬ್ಬ ಸಂಶೋಧಕನಾದರೂ ಈ ಸಭೆಯಿಂದ ಹೊರಡಲಿ ಎಂಬುದು ನನ್ನ ದೊಡ್ಡ ಆಸೆ.

ಈ ಬಲವನ್ನು ಕಣ್ಣಾರೆ ಕಂಡವನೊಬ್ಬನಿದ್ದಾನೆ. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿ ಜೊಆವ್ ಫೆರ್ನಾಂಡಿಸ್ ಲೈತಾವ್ ಇಕ್ಕೇರಿಗೆ ಹೊರಟಾಗ, ಜೊತೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು ಅಲ್ಲಿಂದ ಘಟ್ಟ ಹತ್ತಿದರು. ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ಪರವಾಗಿ ಅವರೊಡನೆ ಇದ್ದವನು ವಿಠ್ಠಲ ಶೆಣೈ. ಘಟ್ಟದ ದಾರಿಯಲ್ಲಿ ಹನುಮನ ಗುಡಿಯ ಜಗಲಿಯ ಮೇಲೆ ಹುಡುಗರು ಸಣ್ಣ ಮರಳು ಹರಡಿ, ಬೆರಳಿನಿಂದ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಈ ಪ್ರವಾಸಿ ನಿಂತು ನೋಡಿ ಬರೆದಿಟ್ಟ. ನನಗೆ ಆ ಪುಟ ಬಹಳ ಪ್ರೀತಿ. ಆದರೆ ಆ ಪ್ರಯಾಣದಲ್ಲಿ ನಾವು ಮರೆಯಬಾರದ ಸಂಗತಿ ಬೇರೆ: ಕಡಲನ್ನು ಆಳುತ್ತೇವೆಂದು ಹೇಳಿಕೊಳ್ಳುವ ಶಕ್ತಿಯೊಂದು ಮೆಣಸಿನ ಮಾತಾಡಲು ಘಟ್ಟ ಹತ್ತಿ ಇಕ್ಕೇರಿಯ ಬಾಗಿಲಿಗೆ ಬಂದಿತ್ತು.

1637ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಇಕ್ಕೇರಿಯನ್ನು ಹೊಡೆದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಒಯ್ದ. ಶತ್ರುವಿಂದ ದೂರ, ದಟ್ಟ ಕಾಡಿನ ಆಸರೆ ಎಂಬ ಕಾರಣವನ್ನು ಎಲ್ಲರೂ ಕೊಡುತ್ತಾರೆ. ಹೊಸಂಗಡಿ ಘಟ್ಟದ ನೆತ್ತಿಯ ಹತ್ತಿರ ಕುಳಿತರೆ ಕುಂದಾಪುರ, ಗಂಗೊಳ್ಳಿ, ಬಸರೂರುಗಳು ಕೈಯಳತೆಗೆ ಬರುತ್ತವೆ ಎಂಬುದನ್ನೂ ಇದಕ್ಕೆ ಸೇರಿಸಬೇಕು. ಹದಿನೈದು ವರ್ಷದೊಳಗೆ ಅದರ ಫಲ ಕಂಡಿತು. 1652ರಿಂದ 1654ರ ನಡುವೆ ಶಿವಪ್ಪ ನಾಯಕ ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಅದೇ ಹೊತ್ತಿನಲ್ಲಿ ಪೋರ್ಚುಗೀಸ್ ಹಡಗುಗಳು ಡಚ್ಚರೊಡನೆ ಸಿಂಹಳದಲ್ಲಿ ಜೀವಮರಣದ ಹೋರಾಟದಲ್ಲಿದ್ದವು. 1656ರಲ್ಲಿ ಕೊಲಂಬೊ ಕೈಬಿಟ್ಟಿತು, 1663ರಲ್ಲಿ ಕೊಚ್ಚಿ. ಕೆಳದಿ ಗೆದ್ದ ಸಮಯವನ್ನು ಗಮನಿಸಿ. ಎದುರಾಳಿಯ ನೌಕಾಪಡೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬ ಸುದ್ದಿ ಬಿದನೂರಿಗೆ ಬಂದು ತಲುಪುತ್ತಿತ್ತೆಂದೇ ನಾನು ಓದುತ್ತೇನೆ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅಳಿವೆಯ ಕೋಟೆ ಗೆದ್ದ ಮಾತ್ರಕ್ಕೆ ಅಳಿವೆಯ ಆಚೆಗಿನ ನೀರು ಗೆದ್ದಂತಾಗುವುದಿಲ್ಲ. 1665ರಲ್ಲಿ ಶಿವಾಜಿ ಮಾಲವಣದಿಂದ ನೌಕಾಪಡೆ ಕಟ್ಟಿಕೊಂಡು ಬಂದು ಬಸರೂರನ್ನು ಸೂರೆ ಮಾಡಿ ಗೋಕರ್ಣದ ದಾರಿಯಲ್ಲಿ ಹಿಂದಿರುಗಿದಾಗ ಅವನನ್ನು ನೀರಿನ ಮೇಲೆ ತಡೆಯುವವರು ಇರಲಿಲ್ಲ. ಕೆಳದಿ ಚೆನ್ನಮ್ಮಾಜಿ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ್ದು ಮಕ್ಕಳಿಗೂ ಗೊತ್ತು; ಅವಳ ಆಳ್ವಿಕೆಯಲ್ಲೇ, 1678ರಲ್ಲಿ, ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಮತ್ತೆ ಕೋಠಿ ಕಟ್ಟಲು ಒಪ್ಪಿಗೆ ಕೊಡಬೇಕಾಯಿತೆಂಬುದು ಪದವಿ ತರಗತಿಯಲ್ಲೂ ಬರುವುದಿಲ್ಲ. ಬಿದನೂರು ಅರಬ್ಬರ ಹಡಗುಗಳಿಗೆ ಬಂದರು ತೆರೆದದ್ದಕ್ಕೆ ಮುನಿದು 1713ರಲ್ಲಿ ಗೋವೆಯ ನೌಕಾಪಡೆ ಬಂತು. ಬಸರೂರು, ಕಲ್ಯಾಣಪುರ, ಮಂಗಳೂರುಗಳ ಮೇಲೆ ತೋಪು ಹಾರಿತು. ಕುಮಟೆ, ಗೋಕರ್ಣ, ಮಿರ್ಜಾನ್ ಉರಿದವು. ಮರುವರ್ಷ ಒಪ್ಪಂದಕ್ಕೆ ಸಹಿ ಬಿತ್ತು. ಘಟ್ಟದ ಮೇಲಿನ ಅರಮನೆಗೆ ಒಂದು ಗುಂಡೂ ತಾಗಲಿಲ್ಲ. ಬೆಲೆ ತೆತ್ತವರು ಬಂದರಿನ ವರ್ತಕರು, ಮೊಗವೀರರು, ಖಾರ್ವಿಗಳು. ನಮ್ಮ ಸಂಕಿರಣ ಅವರನ್ನು ಬಿಟ್ಟು ಮುಗಿಯಕೂಡದು.

ಈ ಪಾಠವನ್ನು ಸರಿಯಾಗಿ ಓದಿದವನು ಹೈದರಾಲಿ. 1763ರಲ್ಲಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡಾಗ ಅದರ ಜೊತೆಗೇ ಅವನಿಗೆ ಕರಾವಳಿ ಸಿಕ್ಕಿತು. ಕೂಡಲೇ ಹಡಗು ಕಟ್ಟಿಸಲು ಹೊರಟ. ಮೈಸೂರಿನ ನೌಕಾಪಡೆ ಹುಟ್ಟಿದ್ದು ನಗರದ ಕೋಟೆಯಲ್ಲಿ ಎಂದರೆ ಅತಿಶಯೋಕ್ತಿಯಲ್ಲ. ಆದರೆ ಆ ಪಡೆ ಬಾಳಿಕೆ ಬರಲಿಲ್ಲ. 1768ರಲ್ಲಿ ಮುಂಬಯಿಯ ಇಂಗ್ಲಿಷ್ ನೌಕಾಪಡೆ ಹೊನ್ನಾವರದ ಎದುರು ಬಂದಾಗ ಹೈದರನ ಎರಡು ಹಡಗು, ಎರಡು ಗುರಾಬು, ಹತ್ತು ಗಲ್ಲಿವತ್ತುಗಳು ಯುದ್ಧ ಮಾಡದೆ ಎದುರಾಳಿಯನ್ನು ಸೇರಿಬಿಟ್ಟವು. ಅದರ ಯುರೋಪಿಯನ್ ನಾವಿಕರ ಮೇಲೆ ಕುದುರೆ ದಳದ ಅಧಿಕಾರಿ ಲುತ್ಫ್ ಅಲಿ ಬೇಗನನ್ನು ಕೂರಿಸಿದ್ದು ಅವರಿಗೆ ಸಹಿಸಲಾಗಲಿಲ್ಲವೆಂದು ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ಹೈದರ್ ಮತ್ತೆ ಹಡಗುಗಳನ್ನು ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಎದುರು ಲಂಗರು ಹಾಕಿದ್ದ ಅವನ್ನು ಸುಟ್ಟ. 28 ಮತ್ತು 26 ತೋಪುಗಳ ಎರಡು ದೊಡ್ಡ ಹಡಗುಗಳು ಅವುಗಳಲ್ಲಿದ್ದವು.

ತನ್ನ ಹಡಗು ಹೋದವನು ಇನ್ನೊಬ್ಬರ ಹಡಗನ್ನು ನೆಚ್ಚಬೇಕಾಯಿತು. 1782ರ ಜುಲೈನಲ್ಲಿ ಕಡಲೂರಿನಲ್ಲಿ ಹೈದರ್ ಫ್ರೆಂಚ್ ನೌಕಾಧಿಪತಿ ಸುಫ್ರೆನ್‌ನನ್ನು ಕಂಡ. ಸುಫ್ರೆನ್ ಮತ್ತು ಹ್ಯೂಸ್ 1782ರ ಫೆಬ್ರವರಿಯಿಂದ 1783ರ ಜೂನಿನವರೆಗೆ ಐದು ಬಾರಿ ಎದುರಾದರು: ಸದ್ರಾಸ್, ಪ್ರಾವಿಡಿಯನ್, ನಾಗಪಟ್ಟಣ, ತ್ರಿಂಕೋಮಲಿ, ಕಡಲೂರು. ಹಿಂದೂ ಮಹಾಸಾಗರ ಕಂಡ ಅತಿ ಗಟ್ಟಿ ಪೈಪೋಟಿ ಅದು. ಪಾಶ್ಚಾತ್ಯ ಗ್ರಂಥಗಳು ಪ್ರತಿ ಯುದ್ಧಕ್ಕೂ ಹಡಗುಗಳ ಪಟ್ಟಿ, ತೋಪಿನ ಲೆಕ್ಕ, ಗಾಳಿಯ ದಿಕ್ಕನ್ನು ಕೊಡುತ್ತವೆ. ಆ ಪಟ್ಟಿಯಲ್ಲಿ ನಗರದ ಹೆಸರಿಲ್ಲ. ಇರಬೇಕಿತ್ತು.

ಏಕೆಂದರೆ, 1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಟಿಪ್ಪುವನ್ನು ಪೂರ್ವ ಕರಾವಳಿಯಿಂದ ಸೆಳೆಯಲು ಮುಂಬಯಿಯವರು ಜನರಲ್ ಮ್ಯಾಥ್ಯೂಸನ ಸೈನ್ಯವನ್ನು ಕಡಲ ಮೇಲೆ ತಂದು ನಮ್ಮ ಕರಾವಳಿಯಲ್ಲಿ ಇಳಿಸಿದರು. ಹೊನ್ನಾವರ ಬಿತ್ತು, ಕುಂದಾಪುರ ಬಿತ್ತು. 1783ರ ಜನವರಿಯಲ್ಲಿ ಹೊಸಂಗಡಿ ಘಟ್ಟದ ಕಾವಲುಗಳನ್ನು ಒಂದೊಂದಾಗಿ ಭೇದಿಸಿ ಮ್ಯಾಥ್ಯೂಸ್ ನಗರ ಹೊಕ್ಕ. ಅಲ್ಲಿನ ಅಧಿಕಾರಿ ಅಯಾಜ್ ಖಾನ್ ಕೋಟೆ ಒಪ್ಪಿಸಿದ. ಉಪಾಯ ಫಲಿಸಿತು. ಟಿಪ್ಪು ಪೂರ್ವದಿಂದ ಧಾವಿಸಿ ಬಂದು ಏಪ್ರಿಲ್ ಕೊನೆಯ ಹೊತ್ತಿಗೆ ನಗರವನ್ನು ಮರಳಿ ಪಡೆದು ಮ್ಯಾಥ್ಯೂಸನನ್ನು ಸೆರೆಹಿಡಿದ. ಅತ್ತ ಪೂರ್ವದಲ್ಲಿ ಫ್ರೆಂಚರ ಭೂಸೈನ್ಯ ಕಡಲೂರಿನೊಳಗೆ ಮುತ್ತಿಗೆಗೆ ಸಿಕ್ಕಿತು. ಜೂನ್ 20ರಂದು ಅದನ್ನು ಬಿಡಿಸಲು ಸುಫ್ರೆನ್ 15 ಹಡಗುಗಳೊಡನೆ ಹ್ಯೂಸನ 18 ಹಡಗುಗಳ ಮೇಲೆ ಬಿದ್ದ. ಹ್ಯೂಸ್ ಹಿಂದೆ ಸರಿದ. ಹೆಚ್ಚು ದಿನ ಕಳೆಯುವ ಮೊದಲೇ ಯುರೋಪಿನ ಶಾಂತಿಯ ಸುದ್ದಿ ಬಂತು. ಟಿಪ್ಪುವಿನ ಸೈನ್ಯ ಪೂರ್ವದಲ್ಲೇ ಉಳಿದಿದ್ದರೆ ಆ ಮುತ್ತಿಗೆ ಅಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ. ನಗರದ ಕೋಟೆಯಲ್ಲಿ ನಡೆದದ್ದಕ್ಕೂ ಕಡಲೂರಿನ ಎದುರು ಹಾರಿದ ತೋಪುಗಳಿಗೂ ನೇರ ನಂಟಿದೆ. ಪೂರ್ವ ಕರಾವಳಿಯ ಯುದ್ಧಕ್ಕಾಗಿ ನಮ್ಮ ಹೊಸನಗರದ ಜನ ಆ ವರ್ಷ ಎರಡು ಬಾರಿ ದಾಳಿ ಉಂಡರು.

ಟಿಪ್ಪು 1796ರಲ್ಲಿ ನೌಕಾಪಡೆಗಾಗಿ ಹೊರಡಿಸಿದ ಹುಕುಂನಾಮೆಯ ಬಗ್ಗೆ ಬೇರೆ ಪ್ರಬಂಧವಿರುವುದರಿಂದ ನಾನು ಅದನ್ನು ಮುಟ್ಟುವುದಿಲ್ಲ.

ಇನ್ನು ಕೆಲಸದ ಮಾತು. ಕೆಳದಿಯ ವಸ್ತು ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಗುಂಡಾ ಜೋಯಿಸರು ತಾಳೆಗರಿ, ಕಡತ, ತಿಗಳಾರಿ ಬರಹಗಳನ್ನು ಓದಿ ಓದಿಸಿ ಒಂದು ದಾರಿ ಹಾಕಿಕೊಟ್ಟಿದ್ದಾರೆ. ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ ಇನ್ನೂ ಕಡತಗಳಿವೆ. ಅವುಗಳಲ್ಲಿ ಹಡಗಿನ ಹೆಸರನ್ನು ಹುಡುಕಬೇಡಿ. ಘಟ್ಟ ಇಳಿದ ಎತ್ತಿನ ಹೇರು, ಸುಂಕದ ಕಟ್ಟೆಯ ಬಾಬ್ತು, ಮೆಣಸಿನ ದರ, ಬಂದರಿಗೆ ಬಿಟ್ಟ ಅಕ್ಕಿ, ಇವನ್ನು ಹುಡುಕಿ. ಆ ಅಂಕಿಗಳನ್ನು ಗೋವೆಯ ಪತ್ರಾಗಾರದ ಒಪ್ಪಂದಗಳ ಪಕ್ಕದಲ್ಲಿ ತಿಂಗಳ ಲೆಕ್ಕದಲ್ಲಿ ಜೋಡಿಸಿ. ಮಳೆಗಾಲದಲ್ಲಿ ಕರಾವಳಿ ಮುಚ್ಚುತ್ತದೆ, ನೂಲು ಹುಣ್ಣಿಮೆಯ ಮೇಲೆ ತೆರೆಯುತ್ತದೆ ಎಂಬುದನ್ನು ಮರೆಯದೆ ಜೋಡಿಸಿ. ಇದಕ್ಕೆ ಪೋರ್ಚುಗೀಸ್ ಓದಬಲ್ಲವರೂ ಹಳೆಯ ಕನ್ನಡದ ಮೋಡಿ ಅಕ್ಷರ ಓದಬಲ್ಲವರೂ ಒಂದೇ ಮೇಜಿಗೆ ಬರಬೇಕು. ನಮ್ಮ ಮೂರು ತಾಲ್ಲೂಕುಗಳ ಕಾಲೇಜುಗಳಿಂದ ಆಸಕ್ತ ವಿದ್ಯಾರ್ಥಿಗಳನ್ನು ಆರಿಸಿ, ಅವರಿಗೆ ಪೋರ್ಚುಗೀಸ್ ಕಲಿಸುವ ಏರ್ಪಾಡನ್ನು ಈ ಸಂಕಿರಣದ ಠರಾವಿನಲ್ಲಿ ಸೇರಿಸಬೇಕೆಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ. ನಾಳೆ ಮಧ್ಯಾಹ್ನದ ಸಮಾರೋಪಕ್ಕೆ ಮೊದಲೇ ಅದರ ಕರಡು ಸಿದ್ಧವಾಗಲಿ. ಸಹಿ ಮಾಡುವವರಲ್ಲಿ ನಾನೂ ಇರುತ್ತೇನೆ.

ಮೊದಲ ಗೋಷ್ಠಿ 1652–54ರ ಕೋಟೆಗಳ ಬಗ್ಗೆ. ಮಂಡಿಸುವವರು ದಯವಿಟ್ಟು ಮುಂದೆ ಬರಬೇಕು.