ನಾಲ್ಕು ಸ್ವರಗಳ ಸಹಿ



ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲ, ನೆಲಕ್ಕೂರಿ ನುಡಿಸುವ ಒಂದು ಚೆಲೊ. ಪಾಶ್ಚಾತ್ಯ ಸಂಗೀತದಲ್ಲಿ ಈ ಮೇಳಕ್ಕೆ ಸ್ಟ್ರಿಂಗ್ ಕ್ವಾರ್ಟೆಟ್ ಎಂದು ಹೆಸರು. ಇದಕ್ಕಾಗಿ ರಚಿಸಿದ ಕೃತಿಗೂ ಅದೇ ಹೆಸರು. ರಷ್ಯದ ದ್ಮಿತ್ರಿ ಶೋಸ್ತಕೋವಿಚ್ 1938ರಿಂದ 1974ರವರೆಗೆ ಇಂಥ 15 ಕೃತಿಗಳನ್ನು ಬರೆದ. ನಾನು ಹೇಳಹೊರಟಿರುವುದು ಎಂಟನೆಯದರ ಸಂಗತಿ.

1960ರ ಜುಲೈನಲ್ಲಿ ಚಲನಚಿತ್ರವೊಂದರ ಸಂಗೀತಕ್ಕಾಗಿ ಆತ ಪೂರ್ವ ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿದ್ದ. 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿದ್ದ ನಗರವದು. ಚಿತ್ರದ ಕೆಲಸ ಬದಿಗಿಟ್ಟು ಮೂರೇ ದಿನಗಳಲ್ಲಿ ಈ ಕ್ವಾರ್ಟೆಟ್ ಮುಗಿಸಿದ. ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರಿಗೆ ಅದರ ಅರ್ಪಣೆ. ಸರ್ಕಾರವೂ ತಲೆದೂಗುವಂಥ ಮಾತು!

ಆದರೆ ಕೃತಿ ತೆರೆದುಕೊಳ್ಳುವುದೇ ಬೇರೊಂದು ಹೆಸರಿನಿಂದ. ಜರ್ಮನ್ ಪದ್ಧತಿಯಲ್ಲಿ ಡಿ, ಎಸ್, ಸಿ, ಎಚ್ ನಾಲ್ಕೂ ಸ್ವರಗಳ ಹೆಸರುಗಳು. ದ್ಮಿತ್ರಿಯ 'ಡಿ', ಜರ್ಮನ್ನಿನಲ್ಲಿ ಬರೆದಾಗ ಶೋಸ್ತಕೋವಿಚ್ ಎಂಬುದರ ಮೊದಲ ಮೂರು ಅಕ್ಷರ ಸೇರಿದರೆ ಇವೇ. 'ಸಿ'ಯನ್ನು ಷಡ್ಜವೆಂದು ಹಿಡಿದರೆ ನಮ್ಮ ಲೆಕ್ಕದಲ್ಲಿ ರಿ, ಗ, ಸ, ನಿ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಷಡ್ಜ, ಅದರ ಕೆಳಗಿನ ಕಾಕಲಿ ನಿಷಾದ. ಚೆಲೊ ತಗ್ಗಿದ ದನಿಯಲ್ಲಿ ಇದನ್ನು ಎತ್ತಿಕೊಳ್ಳುತ್ತದೆ, ಉಳಿದವು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಬಿಡುವಿಲ್ಲದೆ ಸಾಗುವ ಐದು ಭಾಗಗಳಲ್ಲೂ ಈ ಸಹಿ ಬರುತ್ತಲೇ ಇರುತ್ತದೆ. ನಡುನಡುವೆ ತನ್ನದೇ ಹಳೆಯ ಕೃತಿಗಳ ತುಣುಕುಗಳು. ನಾಲ್ಕನೆಯ ಭಾಗದಲ್ಲಿ ಚೆಲೊ ಮೇಲಿನ ಸ್ಥಾಯಿಗೆ ಏರಿ, ಸೈಬೀರಿಯಕ್ಕೆ ನಡೆದಿರುವ ಕೈದಿಗಳ ನಡುವೆ ಹೆಣ್ಣೊಬ್ಬಳು ತನ್ನ ಪ್ರಿಯನನ್ನು ಕರೆಯುವ ಧಾಟಿಯನ್ನು ಹಾಡುತ್ತದೆ. ಅದು ಅವನ 'ಲೇಡಿ ಮ್ಯಾಕ್‌ಬೆತ್' ಒಪೇರಾದ್ದು. 1936ರಲ್ಲಿ 'ಪ್ರಾವ್ದಾ' ಪತ್ರಿಕೆ ಹೀನಾಯವಾಗಿ ಜರೆದದ್ದು ಅದನ್ನೇ.

ಸ್ಟಾಲಿನ್ ಕಾಲದಲ್ಲಿ ಪಕ್ಷ ಸೇರದೆ ಉಳಿದವನು 1960ರಲ್ಲಿ ಒತ್ತಡಕ್ಕೆ ಮಣಿದ. ಆ ಜುಲೈ 19ರಂದು ಗೆಳೆಯ ಗ್ಲಿಕ್ಮನ್‌ಗೆ ಬರೆದ ಕಾಗದದಲ್ಲಿ, ತಾನು ಸತ್ತರೆ ತನ್ನ ನೆನಪಿಗೆ ಯಾರೂ ಕೃತಿ ರಚಿಸಲಾರರೆನಿಸಿ ತಾನೇ ರಚಿಸಿಕೊಂಡೆ ಎಂಬ ಅರ್ಥದ ಮಾತಿದೆ. ಈ ಕಾಗದಗಳು ಅಚ್ಚಾದದ್ದು 1993ರಲ್ಲಿ, ಆತ ತೀರಿಕೊಂಡು 18 ವರ್ಷಗಳ ಮೇಲೆ.

ಹಾಗಾದರೆ ಅರ್ಪಣೆ ಬರಿಯ ಮುಸುಕೇ? ಹಲವರು ಹಾಗೆನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. 1936ರಲ್ಲೊಮ್ಮೆ, 1948ರಲ್ಲೊಮ್ಮೆ ಬಹಿರಂಗವಾಗಿ ಅವಮಾನಿತನಾದವನು ಬಲಿಯಾದವರ ಸಾಲಿನಲ್ಲಿ ತನ್ನ ಹೆಸರನ್ನೂ ಸೇರಿಸಿದರೆ ಅರ್ಪಣೆ ಸುಳ್ಳಾಗುವುದೇಕೆ?

ಕಂಡಕ್ಟರ್ ರುಡಾಲ್ಫ್ ಬರ್ಷಾಯ್ ಇದನ್ನು ತಂತಿವಾದ್ಯಗಳ ದೊಡ್ಡ ಮೇಳಕ್ಕೂ ಅಳವಡಿಸಿದ್ದಾರೆ. ಗಂಭೀರವಾಗಿದೆ, ನಿಜ. ಆದರೆ ಗುಂಪಿನ ದನಿಯಲ್ಲಿ ಒಬ್ಬನ ಸಹಿ ಮಸುಕಾಗುತ್ತದೆ. ಮೊದಲು ನಾಲ್ವರು ನುಡಿಸಿದ್ದನ್ನೇ ಕೇಳಿ.