ಹಾಡು ಓದುವುದಾದರೆ ಯಾವ ಕಾಲೇಜು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪಿಯುಸಿ ನಂತರ ಮುಂದೇನು ಎಂಬುದರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಬಿ.ಇ. ಓದಿದವನು, ಸಾಫ್ಟ್‌ವೇರ್ ಕೆಲಸದವನು, ಅದನ್ನೇ ಹೇಳುತ್ತಾನೆ ಎಂದುಕೊಂಡಿರಬಹುದು. ಆದರೆ ಎಂಜಿನಿಯರಿಂಗ್ ದಾರಿ ಹೇಳುವವರು ಈಗ ಓಣಿಗೊಬ್ಬರಿದ್ದಾರೆ. ಸಿಇಟಿ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ ಎಂಬುದು ಮೊಬೈಲಿನಲ್ಲೇ ಸಿಗುತ್ತದೆ. ಸಂಗೀತ ಓದುತ್ತೇನೆ ಎನ್ನುವ ಹುಡುಗಿಗೆ ಅಂಥ ಪಟ್ಟಿ ಇಲ್ಲ. ನಮ್ಮ ಮನೆಯಲ್ಲೇ ಆ ಪ್ರಶ್ನೆ ಬಂತು. ಅದಕ್ಕಾಗಿ ನಾವು ಏನೇನು ನೋಡಿದೆವು, ಯಾರನ್ನು ಕೇಳಿದೆವು ಎಂಬುದನ್ನು ಇಲ್ಲಿ ಹೇಳಿದರೆ ಇನ್ನೊಂದು ಮನೆಗೆ ಉಪಯೋಗವಾದೀತು.

ನಮ್ಮ ಅಣ್ಣನ ಮಗಳು ಇದೇ ಶಾಲೆಯವಳು. ಆಗಸ್ಟ್ ಹದಿನೈದಕ್ಕೆ ನಾಡಗೀತೆ ಹೇಳಿಸುತ್ತಿದ್ದವಳೆಂದರೆ ಶಿಕ್ಷಕರಿಗೆ ನೆನಪಾಗಬಹುದು. ಪ್ರತಿ ರವಿವಾರ ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗಿ ಹಿಂದೂಸ್ತಾನಿ ಕಲಿತು, ಗಾಂಧರ್ವ ಮಹಾವಿದ್ಯಾಲಯ ಮಂಡಲದ ಮಧ್ಯಮಾ ಪೂರ್ಣ ಪರೀಕ್ಷೆ ಪಾಸಾಗಿದ್ದಳು. ಪಿಯುಸಿ ಮುಗಿದಾಗ ಎರಡು ಅರ್ಜಿ ತಂದಿಟ್ಟಳು. ಒಂದು, ಹತ್ತಿರದ ಪಟ್ಟಣದ ಬಿ.ಎ.; ಕನ್ನಡ, ಇತಿಹಾಸದ ಜೊತೆಗೆ ಸಂಗೀತ ಒಂದು ವಿಷಯ. ಬಸ್ ಪಾಸ್ ಸಾಕು, ಸಂಜೆ ಮನೆಗೆ ಬರಬಹುದು. ಇನ್ನೊಂದು, ದೂರದ ಊರಿನ ಬಿ.ಮ್ಯೂಸಿಕ್, ಓದೆಲ್ಲ ಸಂಗೀತದ ಸುತ್ತಲೇ. ಹಾಸ್ಟೆಲ್ ಬೇಕು. ಕಾಲೇಜುಗಳ ಹೆಸರು ಹೇಳುವುದಿಲ್ಲ. ಎರಡರಲ್ಲೂ ಕಲಿಸುವವರು ಸಜ್ಜನರು, ಮತ್ತು ನಾನು ಹೇಳುವುದು ನಾವು ಹೋದ ಒಂದೊಂದು ದಿನ ಕಂಡದ್ದನ್ನು ಮಾತ್ರ.

ಅಣ್ಣ ಫೋನ್ ಮಾಡಿದ. “ಹಾಡಿದರ ಹೊಟ್ಟಿ ತುಂಬತೈತೇನೋ? ನೀ ಕಂಪ್ಯೂಟರದಾಗ ಎಲ್ಲಾ ನೋಡಿ ಒಂದ ಹೇಳು.” ಅಣ್ಣ ಸಂಗೀತದ ವೈರಿಯಲ್ಲ. ನಮ್ಮೂರ ಭಜನಾ ಮೇಳದಲ್ಲಿ ಅವನ ದನಿ ಇಲ್ಲದೆ ಶ್ರಾವಣ ಸೋಮವಾರ ಕಳೆಯುವುದಿಲ್ಲ. ಆದರೆ ಹಾಡುವುದು ಬೇರೆ, ಮಗಳ ಮೂರು ವರ್ಷಗಳನ್ನು ಅದಕ್ಕೆ ಕೊಡುವುದು ಬೇರೆ. ಅವನ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನೀವೂ ತೆಗೆದುಕೊಳ್ಳಬಾರದು.

ಆದ್ದರಿಂದ ಮೊದಲು ಹೊಟ್ಟೆಯ ಮಾತು. ಬಿ.ಮ್ಯೂಸಿಕ್ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ. ಕೆಎಎಸ್ ಇರಲಿ, ಎಫ್‌ಡಿಎ ಇರಲಿ, ಯಾವುದೇ ಪದವಿ ಸಾಕು ಎನ್ನುವ ಪರೀಕ್ಷೆಗಳಿಗೆಲ್ಲ ಅದನ್ನು ಓದಿದವರು ಕೂರಬಹುದು. ‘ಹಾಡು ಕಲಿತರೆ ಎಲ್ಲ ಬಾಗಿಲೂ ಮುಚ್ಚಿದವು’ ಎಂದು ಕಟ್ಟೆಯ ಮೇಲೆ ಹೇಳುವವರಿಗೆ ಇದು ಗೊತ್ತಿಲ್ಲ. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ವಿಭಾಗದ ಸಂಗೀತ ಶಿಕ್ಷಕರ ಹುದ್ದೆಗೆ ಪಿಯುಸಿಯಲ್ಲಿ ಶೇ. 50 ಅಂಕ ಮತ್ತು ಸಂಗೀತದಲ್ಲಿ ಪದವಿ ಅಥವಾ ತತ್ಸಮಾನ ಕೇಳುತ್ತಾರೆ. ನವೋದಯ ಶಾಲೆಗಳಲ್ಲೂ ಸಂಗೀತ ಶಿಕ್ಷಕರಿದ್ದಾರೆ. ಬಿ.ಎ.ಯಲ್ಲಿ ಮೂರರಲ್ಲಿ ಒಂದು ವಿಷಯವಾಗಿ ಸಂಗೀತ ಓದಿದ್ದು ಇಂಥ ಹುದ್ದೆಗೆ ಸಾಕೇ ಎಂಬುದನ್ನು ಆಯಾ ವರ್ಷದ ಅಧಿಸೂಚನೆ ಓದಿಯೇ ತಿಳಿಯಬೇಕು. ಬಿ.ಎ.ಗೂ ಅದರದೇ ಬಲವಿದೆ. ಕನ್ನಡ, ಇತಿಹಾಸ ಇದ್ದರೆ ಬಿ.ಎಡ್. ಮಾಡಿ ಹೈಸ್ಕೂಲ್ ಶಿಕ್ಷಕರಾಗುವ ದಾರಿ ಸಲೀಸು. ಬರೀ ಸಂಗೀತ ಓದಿದವರು ಬಿ.ಎಡ್. ಬಗ್ಗೆ ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು. ಕಾಲೇಜು ಅಧ್ಯಾಪಕರಾಗಬೇಕೆಂದರೆ ಸ್ನಾತಕೋತ್ತರ ಪದವಿ, ಮೇಲೆ ಯುಜಿಸಿಯ ನೆಟ್. ಅದರಲ್ಲಿ ಸಂಗೀತವೂ ಒಂದು ವಿಷಯ. ಇನ್ನು ಕಲಾವಿದರಾಗುವವರಿಗೆ ಆಕಾಶವಾಣಿಯ ಧ್ವನಿ ಪರೀಕ್ಷೆ ಇದೆ: ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿ. ಅಲ್ಲಿ ಯಾವ ಕಾಲೇಜು ಎಂಬುದಕ್ಕಿಂತ ಹಾಡು ಹೇಗಿದೆ ಎಂಬುದೇ ಲೆಕ್ಕ. ವಿಶಾರದ, ಅಲಂಕಾರ ಪರೀಕ್ಷೆಗಳನ್ನು ಕಟ್ಟುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಪದವಿ ಬಿಡಬೇಡಿ ಎಂದು ನನ್ನ ಸಲಹೆ.

ನಮ್ಮ ಭಾಗದಲ್ಲಿ ಈ ಮಾತು ಬಂದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ: ಭೀಮಸೇನ ಜೋಶಿಯವರು ಯಾವ ಕಾಲೇಜಿಗೆ ಹೋಗಿದ್ದರು? ನಿಜ. ಗದಗ ಸೀಮೆಯಲ್ಲಿ ಹುಟ್ಟಿದ ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ. ಗ್ವಾಲಿಯರ್, ಜಲಂಧರ್ ಎಲ್ಲ ಅಲೆದ ಮೇಲೆ ಸಿಕ್ಕ ಗುರು ಸವಾಯಿ ಗಂಧರ್ವರು, ನಮ್ಮ ಕುಂದಗೋಳದವರು! ಗಂಗೂಬಾಯಿ ಹಾನಗಲ್ ಅವರು ಅದೇ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಹೋಗುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ವಿದ್ಯೆ ಕೊಟ್ಟರು. ಆದರೆ ಕ್ಲಾಸಿನಲ್ಲಿ ಸಂಗೀತ ಕಲಿಸುವುದೂ ಇವತ್ತಿನ ಹುಚ್ಚಲ್ಲ. ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು 1901ರಲ್ಲಿ. ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಸಂಗೀತ ಕಾಲೇಜು ಬಂದದ್ದು 1926ರಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಮಲ್ಲಿಕಾರ್ಜುನ ಮನಸೂರರಂಥವರೇ ನಿರ್ದೇಶಕರಾಗಿದ್ದರು. ಗುರುವೂ ಕಾಲೇಜಿನೊಳಗೇ ಇರಬಹುದು. ಇದ್ದಾರೋ ಇಲ್ಲವೋ ಎಂದು ಹೋಗಿ ನೋಡಬೇಕು, ಅಷ್ಟೆ.

ಈ ‘ಹೋಗಿ ನೋಡಬೇಕು’ ಎಂಬುದು ನನ್ನ ವಿಚಾರವಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಎರಡೂ ಕಾಲೇಜುಗಳ ಪಠ್ಯಕ್ರಮ ಇಳಿಸಿಕೊಂಡು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಕಾಗದದ ಮೇಲೆ ರಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಅವಳೇ ಅಂದಳು, “ಕಾಕಾ, ಎರಡೂ ಕಡೆ ಹೋಗಿ ಒಂದೊಂದು ಕ್ಲಾಸ್ ಕೂತು ಬರೂಣು.” ಅಣ್ಣನೂ ಹೊರಟ.

ಹತ್ತಿರದ ಕಾಲೇಜಿನ ಕ್ಲಾಸಿನಲ್ಲಿ ಮೂವತ್ತರ ಹತ್ತಿರ ವಿದ್ಯಾರ್ಥಿಗಳು, ಒಂದು ಹಾರ್ಮೋನಿಯಂ. ಅವತ್ತು ಶಾಸ್ತ್ರದ ಪಾಠ, ಹತ್ತು ಥಾಟುಗಳ ಬಗ್ಗೆ ನೋಟ್ಸ್ ಬರೆಸುತ್ತಿದ್ದರು. ಪಾಠ ಸ್ಪಷ್ಟವಾಗಿತ್ತು. ಮುಗಿದ ಮೇಲೆ ಆ ಉಪನ್ಯಾಸಕಿ ಇವಳಿಂದ ಒಂದು ಬಂದಿಶ್ ಹಾಡಿಸಿದರು. ಆಮೇಲೆ ಅಣ್ಣನ ಕಡೆ ತಿರುಗಿ, “ನಮ್ಮಲ್ಲಿ ಪ್ರಾಯೋಗಿಕ ವಾರಕ್ಕೆ ನಾಲ್ಕ ತಾಸ ರೀ. ತಬಲಾದವರು ಪರೀಕ್ಷೆ ಹೊತ್ತಿಗೆ ಬರ್ತಾರ. ಕಂಠ ಚಲೋ ಐತಿ, ನೀವು ಆ ಕಡೆನೂ ನೋಡ್ರಿ” ಎಂದರು. ಅವರು ಅತಿಥಿ ಉಪನ್ಯಾಸಕಿ. ವಿದ್ಯಾರ್ಥಿಗಳು ಕಡಿಮೆಯಾದರೆ ತಾಸು ಕಡಿಮೆಯಾಗುವ ಕೆಲಸ. ಆದರೂ ಹಾಗೆ ಹೇಳಿದರು. ಆ ತಾಯಿಗೆ ನಾನು ಈ ವೇದಿಕೆಯಿಂದ ಕೈ ಮುಗಿಯುತ್ತೇನೆ.

ದೂರದ ಕಾಲೇಜಿಗೆ ನಸುಕಿನ ಬಸ್ಸು ಹಿಡಿದು ಹೋದೆವು. ಕಟ್ಟಡ ಹಳೆಯದು, ಗೋಡೆಗೆ ಸುಣ್ಣ ಕಂಡು ಎಷ್ಟು ಕಾಲವಾಗಿತ್ತೋ. ಒಳಗೆ ಎಂಟು ಹುಡುಗರು, ಎರಡು ತಂಬೂರಿ, ಒಬ್ಬರು ತಬಲಾದವರು. ಬೆಳಗಿನ ತೋಡಿ ರಾಗ. ಗುರುಗಳು ಒಬ್ಬ ಹುಡುಗನನ್ನು ಗಾಂಧಾರದ ಮೇಲೆ ನಿಲ್ಲಿಸಿದ್ದರು. ತೋಡಿಯ ಗಾಂಧಾರ ಸಾಮಾನ್ಯ ಕೋಮಲ ಗಾಂಧಾರಕ್ಕಿಂತ ಎಳೆಯಷ್ಟು ಕೆಳಗೆ. ಹಾರ್ಮೋನಿಯಂ ಮನೆಗಳು ಮೊದಲೇ ಶ್ರುತಿ ಮಾಡಿ ಕೂರಿಸಿದವು, ಅದರಲ್ಲಿ ಆ ಸ್ವರ ಸಿಗದು. ತಂಬೂರಿ ಕೇಳುತ್ತ ಗಂಟಲಿನಲ್ಲೇ ಹುಡುಕಬೇಕು. ಹುಡುಗ ಹಾಡುವುದು, ಅವರು ತಲೆಯಾಡಿಸುವುದು, ಮತ್ತೆ ಹಾಡುವುದು. ಅರ್ಧ ತಾಸು ಅದೊಂದೇ ಸ್ವರ. ನನಗೆ ಬೇಸರ ಬಂದಿತ್ತು, ನಿಜ ಹೇಳಬೇಕು. ಅಣ್ಣ ಮಾತ್ರ ಕಣ್ಣು ಮುಚ್ಚಿ ಕೂತುಬಿಟ್ಟಿದ್ದ. ಹೊರಗೆ ಬಂದು ಚಹಾ ಕುಡಿಯುವಾಗ ಅಂದ, “ಒಂದ ಸ್ವರಾ ಇಷ್ಟೊತ್ತ ತಿದ್ದತಾರಂದ್ರ, ಹುಡುಗೀನ ಸುಮ್ಮನ ಬಿಡಾಂಗಿಲ್ಲ ಬಿಡು.” ಅಲ್ಲಿಗೆ ತೀರ್ಮಾನವಾಯಿತು. ನನ್ನ ಪಠ್ಯಕ್ರಮದ ಕಡತವನ್ನು ಯಾರೂ ಕೇಳಲಿಲ್ಲ.

ನಡುವೆ ಒಂದು ಮಾತು, ನನ್ನ ಕಸುಬಿನವರ ಹೆಮ್ಮೆಗಾಗಿ. ಈಗ ಮಕ್ಕಳು ಅಭ್ಯಾಸಕ್ಕೆ ಬಳಸುವ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ಮಾಡಿದವರು ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್. ಎಂಜಿನಿಯರಿಂಗ್ ಓದಿ ಸಂಗೀತಕ್ಕೆ ಉಪಕಾರ ಮಾಡಿದವರೂ ಇದ್ದಾರೆ.

ಹಾಸ್ಟೆಲ್ ಖರ್ಚಿನ ವಿಷಯ ಮನೆಯಲ್ಲೇ ಹಂಚಿಕೊಂಡೆವು. ಸೇರುವ ಮೊದಲು ಅಲ್ಲಿಯ ವಿದ್ಯಾರ್ಥಿನಿಯರನ್ನು ಅತ್ತಿಗೆ ಎರಡೇ ಪ್ರಶ್ನೆ ಕೇಳಿದರು: ಕಲಿಸುವವರು ವರ್ಷವರ್ಷ ಬದಲಾಗುತ್ತಾರೋ? ಸಂಜೆ ರಿಯಾಜಿಗೆ ಕೋಣೆ ತೆರೆದಿರುತ್ತದೋ? ನಿಮ್ಮ ಮಕ್ಕಳಿಗೂ ಇವೆರಡನ್ನು ತಪ್ಪದೆ ಕೇಳಿ. ಹುಡುಗಿಯ ಆಸೆ ಹಾಡುಗಾರಿಕೆಗಿಂತ ಶಾಲೆಯಲ್ಲಿ ಕಲಿಸುವುದರ ಕಡೆಗೆ ಇದ್ದಿದ್ದರೆ ಹತ್ತಿರದ ಬಿ.ಎ.ಯೇ ಸರಿ ಎಂದು ನಾನು ಹೇಳುತ್ತಿದ್ದೆ.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ಮುಂದೆ ನೌಕರಿ ಸಿಗುತ್ತದೋ ಎಂಬ ಅಣ್ಣನ ಚಿಂತೆ ಹಾಗೆಯೇ ಇದೆ. ಆದರೆ ದೀಪಾವಳಿಗೆ ಮನೆಗೆ ಬಂದಾಗ ನಸುಕಿನಲ್ಲಿ ಅವಳು ಷಡ್ಜ ಹಿಡಿದರೆ, ಆಕಳು ಹಿಂಡಲು ಹೊರಟ ಅಣ್ಣ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಕೊಳ್ಳುತ್ತಾನೆ.

ಕೊನೆಯದಾಗಿ ಒಂದು ಸುದ್ದಿ. ನಮ್ಮ ಬ್ಯಾಚಿನ ಗೆಳೆಯರು ಕೂಡಿ ಶಾಲೆಗೆ ಒಂದು ತಬಲಾ ಜೋಡಿ ಮತ್ತು ಒಂದು ಎಲೆಕ್ಟ್ರಾನಿಕ್ ತಂಬೂರಿ ತಂದಿದ್ದೇವೆ, ಇವತ್ತೇ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇವೆ. ಬೇಸಿಗೆ ರಜೆಯಲ್ಲಿ ಇಪ್ಪತ್ತು ದಿನ ಬಂದು ಕಲಿಸಲು ನಮ್ಮ ಹುಡುಗಿ ಒಪ್ಪಿದ್ದಾಳೆ. ಕಲಿಯಬೇಕೆನ್ನುವ ಮಕ್ಕಳು ಇವತ್ತು ಊಟಕ್ಕೆ ಹೋಗುವ ಮೊದಲು ಕಚೇರಿಯಲ್ಲಿ ಹೆಸರು ಬರೆಸಿ ಹೋಗಿ.